ವ್ಯಾನಕ್ಕ ಅಪ್ಪನಿಗೆ ತೋರಿಸಿದ ದ್ವೀಪ

ದ್ವೀಪ ಸುತ್ತಲು ಬಂದವರನ್ನು ವ್ಯಾನಕ್ಕ ಮೊದಲು ಕೇಳುವುದು ಒಂದೇ ಮಾತು: ಬೆಟ್ಟ ಮೊದಲೋ, ಸಮುದ್ರ ಮೊದಲೋ? ಬೆಟ್ಟ ಎಂದವರನ್ನು ಬೆಳಗ್ಗೆಯೇ ಮೇಲಕ್ಕೆ ಒಯ್ಯುತ್ತಾಳೆ. ಮಧ್ಯಾಹ್ನದ ಹೊತ್ತಿಗೆ ಅಲ್ಲಿ ಮೋಡ ಕವಿದು, ಜ್ವಾಲಾಮುಖಿಯ ಬಾಯಿ ಹಾಗಿರಲಿ, ಮುಂದಿನ ತಿರುವೂ ಕಾಣುವುದಿಲ್ಲ. ಸಮುದ್ರ ಎಂದವರಿಗೆ ಕಿಟಕಿ ಪಕ್ಕದ ಸೀಟು ಕೊಟ್ಟು, ವಾಂತಿ ಮಾಡುವವರನ್ನು ಮುಂದೆ ಕೂರಿಸಿಕೊಂಡು ಹೊರಡುತ್ತಾಳೆ. ಬಸ್ ನಿಲ್ದಾಣದ ಪಕ್ಕದ ಷೆಡ್ಡಿನಲ್ಲಿ ಬಿಳಿ ವ್ಯಾನು ನಿಲ್ಲಿಸಿಕೊಂಡು ಅರ್ಧ ಆಯುಷ್ಯ ಕಳೆದವಳು. ಅವಳ ನಿಜವಾದ ಹೆಸರು ಕೇಳಿದರೆ ಅಕ್ಕಪಕ್ಕದವರೂ ತಲೆ ಕೆರೆದುಕೊಳ್ಳುತ್ತಾರೆ.

ಅವಳು ವ್ಯಾನು ಓಡಿಸುವ ರಸ್ತೆಗೆ ಡಾಂಬರು ಹಾಕಿದವನು ಅವಳ ಅಪ್ಪ. ಬೆಟ್ಟದ ಬುಡವನ್ನು ಉಂಗುರದಂತೆ ಬಳಸಿಹೋಗುವ ಆ ರಸ್ತೆಯ ಮೇಲೆ ರೋಲರ್ ಓಡಿಸಿಯೇ ಇಬ್ಬರು ಹೆಣ್ಣುಮಕ್ಕಳನ್ನು ಸಾಕಿದ. ನಿವೃತ್ತಿಯ ನಂತರ ಪಾರ್ಶ್ವವಾಯು ಹೊಡೆದು ಒಂದು ಕಾಲು ಎಳೆಯುವಂತಾಯಿತು. ಕಣ್ಣನ್ನು ಸಕ್ಕರೆ ಕಾಯಿಲೆ ತಿಂದಿತು. ಬೆಳಕು, ನೆರಳು ಬಿಟ್ಟರೆ ಮತ್ತೇನೂ ತಿಳಿಯದು. ಮಧ್ಯಾಹ್ನ ಮಲಗಿ ಎದ್ದರೆ "ಬೆಳಗಾಯ್ತಾ?" ಎಂದು ಕೇಳುವುದು ರೂಢಿಯಾಯಿತು. ಬಾಯಿ ಮಾತ್ರ ಮೊದಲಿನಂತೆಯೇ ಇತ್ತು.

ಒಂದು ದಿನ ಊಟದ ತಟ್ಟೆ ಸರಿಸಿ ಅವನು ಮಾತು ತೆಗೆದ. "ಕಂಡವರನ್ನೆಲ್ಲ ಸುತ್ತಿಸ್ತೀಯ. ಹೆತ್ತಪ್ಪ ನಿನ್ನ ಕಣ್ಣಿಗೆ ಬೀಳೋದೇ ಇಲ್ಲ."

"ಕಣ್ಣು ಕಾಣದೇ ಇರೋದು ನಿನಗಪ್ಪ, ನನಗಲ್ಲ," ಎಂದಳು ವ್ಯಾನಕ್ಕ.

ಅವನು ನಕ್ಕ. ಆಮೇಲೆ ಬಿಡಿಸಿ ಹೇಳಿದ. ಎರಡು ದಿನ ಸಾಕು. ಮೊದಲ ದಿನ ಬೆಟ್ಟ, ಮರುದಿನ ಪೂರ್ವದ ಕರಾವಳಿ. ಅಲ್ಲಿ ನಿಮ್ಮಮ್ಮನ ಹತ್ತಿರ ಸ್ವಲ್ಪ ಹೊತ್ತು ಕೂತು ಮನೆಗೆ ಬಂದುಬಿಡೋಣ. ಇನ್ನೊಂದು ಸಲ ಕೇಳುವುದಿಲ್ಲ.

ಒಲೆಯ ಮುಂದಿದ್ದ ತಂಗಿ ತಿರುಗಿ ಅಕ್ಕನ ಮುಖ ನೋಡಿದಳು.

ಅಮ್ಮನ ಸಮಾಧಿ ಈಗ ಅಲ್ಲಿರಲಿಲ್ಲ. ಅಪ್ಪ ಆಸ್ಪತ್ರೆಯಲ್ಲಿ ಮೂಗಿಗೆ ನಳಿಕೆ ಹಾಕಿಸಿಕೊಂಡು ಮಲಗಿದ್ದ ದಿನಗಳಲ್ಲಿ ಬೆಟ್ಟ ಪೂರ್ವದ ಕಡೆಗೆ ಬಾಯಿಬಿಟ್ಟಿತ್ತು. ಕೆಂಡದಂಥ ಲಾವಾ ನಿಧಾನವಾಗಿ, ದನ ನಡೆಯುವಷ್ಟೇ ವೇಗದಲ್ಲಿ ಇಳಿದು ಬಂದು ತೋಟಗಳನ್ನು, ಶಾಲೆಯನ್ನು, ಸ್ಮಶಾನವನ್ನು, ಅಪ್ಪ ಹಾಕಿದ ರಸ್ತೆಯ ಉದ್ದನೆಯ ತುಂಡೊಂದನ್ನು ನುಂಗಿ ಸಮುದ್ರ ಸೇರಿತು. ಆಘಾತವಾಗುವಂಥದ್ದೇನನ್ನೂ ಹೇಳಬೇಡಿ ಎಂದು ಡಾಕ್ಟರು ಎಚ್ಚರಿಸಿದ್ದರು. ಅಕ್ಕತಂಗಿಯರು ಬಾಯಿಗೆ ಬೀಗ ಹಾಕಿಕೊಂಡರು. ಮನೆಗೆ ಬಂದ ಮೇಲೆ ಅಪ್ಪ ಕೇಳಿದ ಮೊದಲ ಮಾತೇ ಅಮ್ಮನ ಕಡೆ ಹೋಗಿದ್ದೆಯಾ ಎಂದು. ಹೋಗಿದ್ದೆ, ಹುಲ್ಲು ಕಿತ್ತು ಬಂದೆ ಎಂದುಬಿಟ್ಟಳು ವ್ಯಾನಕ್ಕ. ಆಮೇಲೆ ಪ್ರತಿ ತಿಂಗಳೂ ಅದೇ ಪ್ರಶ್ನೆ, ಅದೇ ಉತ್ತರ. ನೆರೆಹೊರೆಯವರಿಗೂ ಕೈಮುಗಿದು ಹೇಳಿಟ್ಟಿದ್ದರು. ಮನೆಯ ರೇಡಿಯೊ ಕೆಟ್ಟುಹೋಗಿ ಬಹಳ ಕಾಲವಾಗಿತ್ತು, ಅದನ್ನು ಕೆಡಿಸಿದವಳು ತಂಗಿ.

"ಹೇಳಿಬಿಡಕ್ಕ. ಅತ್ತು ಸುಮ್ಮನಾಗ್ತಾನೆ," ಎಂದಳು ತಂಗಿ, ಅಪ್ಪ ಮಲಗಿದ ಮೇಲೆ. ಹೋಟೆಲೊಂದರಲ್ಲಿ ಬಟ್ಟೆ ಒಗೆಯುವ ಕೆಲಸ ಅವಳದು. ಯಾವ ಕಲೆಯೂ ನೆನೆಹಾಕಿದರೆ ಬಿಡುತ್ತದೆ ಎಂದು ನಂಬಿದವಳು.

"ಅಳೋದಕ್ಕೆ ಅವನ ಎದೆಯಲ್ಲಿ ಜಾಗ ಎಲ್ಲಿದೆ? ಇನ್ನೊಂದು ಸಲ ಹೊಡೆದರೆ ಉಳಿಯಲ್ಲ."

ವ್ಯಾನಕ್ಕ ಪ್ರವಾಸದ ಯೋಜನೆಗೆ ಕೂತಳು. ಪ್ರವಾಸಿಗರಿಗೆ ಏನು ಕಾಣಬೇಕು ಎಂದು ಯೋಚಿಸಿ ಅಭ್ಯಾಸವಿದ್ದವಳು ಈಗ ಅಪ್ಪನಿಗೆ ಏನು ಗೊತ್ತಾಗಬಾರದು ಎಂದು ಯೋಚಿಸಿದಳು. ಪಶ್ಚಿಮದ ಕರಾವಳಿಯಲ್ಲೂ ಒಂದು ಸ್ಮಶಾನವಿದೆ, ರಸ್ತೆಯ ಅಂಚಿಗೇ, ಅಲೆಯ ಸದ್ದು ಕೇಳುವಷ್ಟು ಹತ್ತಿರ. ಪೂರ್ವದಲ್ಲಿ ಬೆಳಗಿನ ಬಿಸಿಲು ಸಮುದ್ರದ ಕಡೆಯಿಂದ ಮುಖಕ್ಕೆ ಬೀಳುತ್ತದೆ. ಪಶ್ಚಿಮದಲ್ಲಿ ಇಳಿಹೊತ್ತಿನ ಬಿಸಿಲು ಬೀಳುವುದೂ ಸಮುದ್ರದ ಕಡೆಯಿಂದಲೇ. ಬೆಳಗ್ಗೆ ಬೆಟ್ಟ ಹತ್ತಿ, ಆಚೆ ಬದಿಯ ವಸತಿಗೃಹದಲ್ಲಿ ಊಟ ಮಾಡಿಸಿ ಮಲಗಿಸಿದರೆ, ಎದ್ದಾಗ ಅವನೇ ಬೆಳಗಾಯ್ತಾ ಎಂದು ಕೇಳುತ್ತಾನೆ. ಹೂಂ ಎಂದರಾಯಿತು. ಅಪ್ಪನ ಲೆಕ್ಕದಲ್ಲಿ ಪೂರ್ವದ ಸ್ಮಶಾನಕ್ಕೆ ಹೋಗುವಾಗ ಸಮುದ್ರ ಬಲಕ್ಕಿರಬೇಕು. ಅದಕ್ಕೆ ಒಳದಾರಿ ಹಿಡಿದು ಪಶ್ಚಿಮದ ಸ್ಮಶಾನವನ್ನು ದಾಟಿ ಮುಂದೆ ಹೋಗಿ, ಅಲ್ಲಿಂದ ಕರಾವಳಿಗೆ ಇಳಿದು ಹಿಂದಕ್ಕೆ ಬಂದರೆ ಸಾಕು. ಎರಡು ದಿನದ ಪ್ರವಾಸ ಒಂದೇ ದಿನಕ್ಕೆ ಮುಗಿಯುತ್ತದೆ.

ಉಳಿದದ್ದು ಕಲ್ಲು. ಅಮ್ಮನ ತಲೆಯ ಬಳಿ ಅಪ್ಪ ನೆಟ್ಟಿದ್ದು ಒಂದು ಮೈಲಿಗಲ್ಲು. ಕೆತ್ತುವವನು ಅಂಕಿಯನ್ನು ತಿರುವುಮುರುವು ಮಾಡಿದ್ದರಿಂದ ಇಲಾಖೆ ಬಿಸಾಡಿದ್ದ ಕಲ್ಲು. ಇವಳ ಮನೆ ಲೆಕ್ಕವೂ ಯಾವತ್ತೂ ಸರಿಬರಲಿಲ್ಲ, ಜೋಡಿ ಚೆನ್ನಾಗಿದೆ ಎಂದು ಅವನು ಹೂಳಿದ ದಿನವೇ ಅಂದಿದ್ದ, ಅಳುತ್ತಲೇ. ಮಡಚಿಟ್ಟ ಕಂಬಳಿಯಂತೆ ಬೆಚ್ಚಗಿದ್ದ ಪೂರ್ವದ ಕಡೆಯ ಮಣ್ಣನ್ನು ಹುಡುಕಿಕೊಂಡು ಹೋಗಿ ಅಮ್ಮನನ್ನು ಅಲ್ಲಿಟ್ಟವನೂ ಅವನೇ. ಅವನು ಆ ಕಲ್ಲನ್ನು ಸವರದೆ ಬಿಡುವವನಲ್ಲ.

ಷೆಡ್ಡಿನ ಮೆಕ್ಯಾನಿಕ್ ಎಲ್ಲಿಂದಲೋ ಅಂಥದ್ದೇ ಹಳೆಯ ಕಲ್ಲೊಂದನ್ನು ಹೊತ್ತು ತಂದು, ಉಳಿ ಹಿಡಿದು ಅದೇ ತಪ್ಪು ಅಂಕಿ ಕೆತ್ತಿದ. "ಎಂಜಿನ್ ರಿಪೇರಿ ಮಾಡಿದೀನಿ, ಗೇರ್‌ಬಾಕ್ಸ್ ಮಾಡಿದೀನಿ. ಸಮಾಧಿ ಡೂಪ್ಲಿಕೇಟ್ ಮಾಡ್ತಿರೋದು ಇದೇ ಮೊದಲು ಅಕ್ಕ," ಎಂದ. ವ್ಯಾನಕ್ಕ ನಗಲಿಲ್ಲ. ಪಶ್ಚಿಮದ ಸ್ಮಶಾನದ ಮೂಲೆಯಲ್ಲಿ ಹೆಸರಿಲ್ಲದ ಒಂದು ದಿಬ್ಬವಿತ್ತು. ಸಮುದ್ರ ದಡಕ್ಕೆ ಎಸೆದಿದ್ದ, ಯಾರೂ ಕೇಳಿಕೊಂಡು ಬಾರದ ಹೆಣವೊಂದನ್ನು ಅಲ್ಲಿ ಮಣ್ಣು ಮಾಡಿದ್ದರು. ಅದರ ತಲೆಯ ಬಳಿ ಇಬ್ಬರೂ ಸೇರಿ ಕಲ್ಲು ನೆಟ್ಟರು.

ಹೊರಟ ದಿನ ಅಪ್ಪ ಕೋಟು ಹಾಕಿಕೊಂಡ, ಗಡ್ಡ ಹೆರೆಸಿಕೊಂಡ. ಬೆಟ್ಟದ ಮೇಲೆ ಕಿಟಕಿ ಇಳಿಸಿ ತಣ್ಣನೆಯ ಗಾಳಿಗೆ ಮುಖ ಒಡ್ಡಿ ಕೂತ. ವಸತಿಗೃಹದಲ್ಲಿ ಹೊಟ್ಟೆ ತುಂಬ ಉಂಡು ಗೊರಕೆ ಹೊಡೆದ. ಎದ್ದವನು ಬೆಳಗಾಯ್ತಾ ಎಂದು ಕೇಳಿದಾಗ ತಂಗಿ ಬಾಯಿಗೆ ಸೆರಗು ಒತ್ತಿಕೊಂಡು ಹೊರಗೆ ಹೋದಳು. ಹೂಂ ಅಂದವಳು ವ್ಯಾನಕ್ಕ.

ಕರಾವಳಿಗೆ ಇಳಿದಾಗ ಬಲಗೆನ್ನೆಗೆ ಬಿಸಿಲು ಬಿತ್ತು. ಅಪ್ಪ ಖುಷಿಯಾಗಿದ್ದ. ಒಂದೇ ಒಂದು ದೂರು: ರಸ್ತೆ ಕುಲುಕುತ್ತಿದೆ, ನಾನು ಹಾಕಿದ ರಸ್ತೆ ಇದಲ್ಲ. ಹೊಸಬರು ಮತ್ತೆ ಡಾಂಬರು ಹಾಕಿದ್ದಾರೆ ಎಂದಳು ವ್ಯಾನಕ್ಕ. ಹಾಕಿದವನ ಕೈ ಮುರಿಯ ಎಂದು ಶಪಿಸಿದ ಅಪ್ಪ. ಗಂಧಕದ ವಾಸನೆ ಯಾಕಿಲ್ಲ ಎಂದ. ಗಾಳಿ ಆ ಕಡೆಗೆ ಹೊಡೆಯುತ್ತಿದೆ ಎಂದಳು. ಅದನ್ನೂ ನಂಬಿದ.

ಸ್ಮಶಾನದಲ್ಲಿ ಇಬ್ಬರೂ ರಟ್ಟೆ ಹಿಡಿದು ನಡೆಸಿದರು. ಅವನು ಕಲ್ಲನ್ನು ತಡವಿದ. ಬೆರಳು ಅಂಕಿಯ ಮೇಲೆ ಎರಡು ಸಲ ಓಡಿತು. "ಲೆಕ್ಕ ಬಾರದವಳು," ಎಂದ, ಮುದ್ದಿನಿಂದ. ವ್ಯಾನಕ್ಕ ತಂಗಿಯ ಕಡೆ ನೋಡಿ ತಲೆಯಾಡಿಸಿದಳು.

ಆಮೇಲೆ ಅವನು ಮೊಣಕಾಲೂರಿ ದಿಬ್ಬದ ಮೇಲೆ ಅಂಗೈ ಇಟ್ಟ. ಇಟ್ಟವನು ತೆಗೆಯಲಿಲ್ಲ. ಪಕ್ಕಕ್ಕೆ ಸರಿಸಿದ, ಒತ್ತಿದ, ಹುಲ್ಲು ಕಿತ್ತು ಬೆರಳನ್ನು ಮಣ್ಣಿನೊಳಗೆ ತೂರಿಸಿದ.

"ತಣ್ಣಗಿದೆ," ಎಂದ.

ಕಣ್ಣಿಗೆ, ಕಿವಿಗೆ, ಮೂಗಿಗೆ, ಬೆರಳಿಗೆ ಎಲ್ಲಕ್ಕೂ ವ್ಯಾನಕ್ಕ ಉತ್ತರ ಹುಡುಕಿದ್ದಳು. ಪೂರ್ವದ ನೆಲ ಕೆಳಗಿನ ಕಾವಿನಿಂದ ವರ್ಷವಿಡೀ ಬೆಚ್ಚಗಿರುತ್ತಿತ್ತು. ಬೇಸಿಗೆಯಲ್ಲೂ ಕಾಲುಚೀಲ ಹಾಕಿಕೊಂಡು ಮಲಗುತ್ತಿದ್ದ ಹೆಂಡತಿಗಾಗಿಯೇ ಅಪ್ಪ ಆ ಜಾಗ ಹುಡುಕಿದ್ದ. ಆ ನೆಲದ ಕಾವನ್ನು ಅವಳು ಹುಟ್ಟಿದಾರಭ್ಯ ಬಲ್ಲಳು. ಬಲ್ಲದ್ದರಿಂದಲೇ ನೆನಪಾಗಿರಲಿಲ್ಲ.

"ಕೆಳಗೆ ಬೆಂಕಿ ಆರಿಹೋಗಿದೆ," ಎಂದ ಅಪ್ಪ. "ತಿಂಗಳು ತಿಂಗಳು ಬರ್ತಿದ್ದೆ ಅಲ್ವಾ ನೀನು? ಮುಟ್ಟಿ ನೋಡಲಿಲ್ವಾ?"

ತಂಗಿ ಅಕ್ಕನನ್ನೇ ನೋಡುತ್ತಿದ್ದಳು, ಹೇಳು ಎನ್ನುವಂತೆ.

"ಇಲ್ಲಪ್ಪ," ಎಂದಳು ವ್ಯಾನಕ್ಕ.

"ಹೇಳಿದ್ದರೆ ಮೊದಲೇ ಬರ್ತಿದ್ದೆನಲ್ಲಮ್ಮ." ಅವನು ತಡವರಿಸುತ್ತ ಕೋಟು ಬಿಚ್ಚಿ ದಿಬ್ಬದ ಮೇಲೆ ಹಾಸಿದ, ಅಂಚುಗಳನ್ನು ಮಗುವಿಗೆ ಹೊದಿಸಿದಂತೆ ಒಳಕ್ಕೆ ಸಿಕ್ಕಿಸಿದ. ಪಕ್ಕದ ಖಾಲಿ ನೆಲವನ್ನು ಕೈಯಿಂದ ಅಳೆದ. "ನನ್ನನ್ನ ಇಲ್ಲೇ ಇಡಿ. ಬೇರೆ ಎಲ್ಲೂ ಬೇಡ. ಇಷ್ಟು ದಿನ ಒಬ್ಬಳೇ ಚಳಿಯಲ್ಲಿ ಮಲಗಿದಾಳೆ."

ಈಗ ಹೇಳದಿದ್ದರೆ ಮತ್ತೆಂದೂ ಹೇಳಲಾಗದು ಎಂದು ವ್ಯಾನಕ್ಕನಿಗೆ ತಿಳಿದಿತ್ತು. ಅಪ್ಪನ ಕೈ ಇನ್ನೂ ಕೋಟಿನ ಮೇಲಿತ್ತು.

"ಆಯ್ತಪ್ಪ," ಎಂದಳು.

ಮಳೆಗಾಲ ಮುಗಿಯುವ ಮೊದಲೇ ಅಪ್ಪ ಹೋದ. ಲಾವಾ ನಿಂತ ಅಂಚಿನಲ್ಲಿ, ಅಮ್ಮನಿಗೆ ಆದಷ್ಟು ಹತ್ತಿರದಲ್ಲಿ ಮಣ್ಣು ಮಾಡೋಣ, ಸತ್ತವನಿಗೇನು ಗೊತ್ತಾಗುತ್ತದೆ ಎಂದು ತಂಗಿ ಅತ್ತಳು, ಜಗಳವಾಡಿದಳು. ಕೊಟ್ಟ ಮಾತು ಕೊಟ್ಟದ್ದೇ ಎಂದಳು ವ್ಯಾನಕ್ಕ. ಪಶ್ಚಿಮದ ಸ್ಮಶಾನದಲ್ಲಿ, ಗುರುತಿಲ್ಲದ ಆ ಹೆಣದ ಮಗ್ಗುಲಲ್ಲೇ ಅವನನ್ನು ಇಟ್ಟರು. ಅಂದಿನಿಂದ ತಂಗಿ ಅಕ್ಕನ ವ್ಯಾನು ಹತ್ತಿಲ್ಲ.

ಪೂರ್ವದಲ್ಲಿ ರಸ್ತೆ ಕಪ್ಪುಕಲ್ಲಿನ ಕೆಳಗೆ ಮಾಯವಾಗುವ ಜಾಗ ಈಗ ಪ್ರವಾಸಿಗರಿಗೆ ಅಚ್ಚುಮೆಚ್ಚು. ಅವರು ಇಳಿದು ಫೋಟೊ ತೆಗೆದುಕೊಳ್ಳುವಾಗ ವ್ಯಾನಕ್ಕ ಸ್ಟೀರಿಂಗ್ ಹಿಡಿದು ಕೂತಿರುತ್ತಾಳೆ. ತಿಂಗಳಿಗೊಮ್ಮೆ ಖಾಲಿ ವ್ಯಾನಿನಲ್ಲಿ ಪಶ್ಚಿಮಕ್ಕೆ ಹೋಗಿ, ಎರಡೂ ದಿಬ್ಬಗಳ ಹುಲ್ಲು ಕಿತ್ತು ಬರುತ್ತಾಳೆ.