ಎಲೆಯ ತುದಿಯ ಪಾಯಸ

ಊಟಕ್ಕೆ ಕುಳಿತಾಗ ನನ್ನ ಕಣ್ಣು ಮೊದಲು ಹೋಗುವುದು ಎಲೆಯ ತುದಿಗೆ. ಮೈಸೂರಿನ ನಮ್ಮ ಮನೆಗಳಲ್ಲಿ ಅಲ್ಲಿ ಒಂದು ಚಮಚ ಪಾಯಸ ಬೀಳದೆ ಊಟ ಆರಂಭವಾಗುವುದಿಲ್ಲ. ಕೇರಳದಲ್ಲೋ ಅದು ಬರುವುದು ಕಟ್ಟಕಡೆಗೆ. ಅಲ್ಲಿಯ ತುಂಬಾ ಎಂಬ ಊರಿನ ರಾಕೆಟ್ ಕೇಂದ್ರದಲ್ಲಿ ದುಡಿದು ನಿವೃತ್ತನಾಗುವವರೆಗೂ, ಸಹೋದ್ಯೋಗಿಗಳ ಮನೆಯ ಮದುವೆಗಳಲ್ಲಿ ಬಡಿಸುವವರ ದಾರಿ ಕಾಯುತ್ತ, ಖಾಲಿ ತುದಿಯೆದುರು ಕೈಕಟ್ಟಿ ಕುಳಿತು, ಪಕ್ಕದವರಿಗೆ ಪರಮ ಭಕ್ತನಂತೆ ಕಂಡವನು ನಾನು.

ಇಂಥ ನನ್ನ ಪಾಯಸಕ್ಕೇ ಈಚೆಗೆ ಸಂಚಕಾರ ಬಂತು. ರಕ್ತದಲ್ಲಿ ಸಕ್ಕರೆ ಕೊಂಚ ತಲೆಯೆತ್ತಿತ್ತು. ಕೊಚ್ಚಿಯ ಕಲೂರಿನಲ್ಲಿರುವ ಮಗಳ ಮನೆಯಲ್ಲಿ ಮೊಮ್ಮಗಳು ಮಿಂಚುವಿನ ಹುಟ್ಟುಹಬ್ಬ ಹತ್ತಿರವಾಗಿತ್ತು. "ರೀ, ಡಾಕ್ಟರು ಹೂಂ ಅನ್ನೋವರ್ಗೂ ಪಾಯಸದ ಹೆಸರೆತ್ಬೇಡಿ," ಎಂದಳು ನನ್ನವಳು. ಮಿಂಚುವಿನ ಪಕ್ಕ ಕುಳಿತು ಬರೀ ಅನ್ನ ಸಾರು ಉಣ್ಣುವುದನ್ನು ನೆನೆದೇ ನನಗೆ ಅಳು ಬಂತು.

ನಿವೃತ್ತಿಯ ನಂತರವೂ ನಾವು ಉಳಿದುಕೊಂಡಿದ್ದ ಊರಿನ ಪಟ್ಟಂ ಬಡಾವಣೆಯ ರಕ್ತಪರೀಕ್ಷೆಯ ಪ್ರಯೋಗಾಲಯದಲ್ಲಿ ಬರಿಹೊಟ್ಟೆಗೆ ಗ್ಲೂಕೋಸ್ ನೀರು ಕುಡಿಸಿ, ಕೂರಿಸಿ, ಮತ್ತೆ ರಕ್ತ ತೆಗೆದರು. ಇತರರು ಕಷಾಯವೆಂಬಂತೆ ಮುಖ ಕಿವುಚಿ ಕುಡಿದದ್ದನ್ನು ನಾನು ಪಾನಕದಂತೆ ಹೀರಿ, ಇನ್ನೊಂದು ಲೋಟ ಸಿಗಬಹುದೇ ಎಂದು ನರ್ಸಮ್ಮನನ್ನು ಕೇಳಿದೆ. ಆಕೆ ನನ್ನ ವಯಸ್ಸನ್ನು ಮತ್ತೊಮ್ಮೆ ಚೀಟಿಯಲ್ಲಿ ನೋಡಿಕೊಂಡಳು.

ಪಟ್ಟಂನ ನಮ್ಮ ವೈದ್ಯೆ ತಾಳ್ಮೆಯಿಂದ ತಿಳಿಸಿಕೊಟ್ಟ ಸಂಗತಿ ಇಷ್ಟು: ಯೌವನದಲ್ಲಿ ಗ್ಲೂಕೋಸ್ ರಕ್ತಕ್ಕೆ ಕಾಲಿಟ್ಟೊಡನೆ ಮೇದೋಜ್ಜೀರಕ ಗ್ರಂಥಿ ಒಂದು ಬೊಗಸೆ ಇನ್ಸುಲಿನ್ನನ್ನು ಥಟ್ಟನೆ ಸುರಿಯುತ್ತದೆ, ಆಮೇಲೆ ನಿಧಾನವಾಗಿ ಒಸರುತ್ತಿರುತ್ತದೆ, ವಯಸ್ಸಾದಂತೆ ಆ ಮೊದಲ ಬೊಗಸೆ ಬಡವಾಗುತ್ತದೆ. ನನಗೆ ತಕ್ಷಣ ಅರ್ಥವಾಯಿತು. ಕರೆಗಂಟೆ ಬಾರಿಸಿದರೆ ಒಂದು ಕಾಲದಲ್ಲಿ ಓಡಿಹೋಗಿ ಬಾಗಿಲು ತೆಗೆಯುತ್ತಿದ್ದ ನಾನು ಈಗ ಕನ್ನಡಕ ಹುಡುಕಿ, ಚಪ್ಪಲಿ ಮೆಟ್ಟಿ, "ಯಾರು?" ಎನ್ನುವಷ್ಟರಲ್ಲಿ ಹೊರಗೆ ನೆಂಟರ ಗುಂಪೇ ಜಮಾಯಿಸಿರುತ್ತದೆ. ಯಜಮಾನನಿಗೆ ತಕ್ಕ ಗ್ರಂಥಿ! ಇಷ್ಟು ವರ್ಷ ನನ್ನ ಸಿಹಿಯನ್ನೆಲ್ಲ ಸದ್ದಿಲ್ಲದೆ ಸಂಭಾಳಿಸಿದ ಆ ಜೀವದ ಮೇಲೆ ನನಗೆ ಮೊದಲ ಬಾರಿಗೆ ಪ್ರೀತಿ ಉಕ್ಕಿತು.

ಸದ್ಯ, ಕಾಯಿಲೆಯೆನ್ನುವ ಮಟ್ಟಕ್ಕೆ ಹೋಗಿರಲಿಲ್ಲ. ಊಟದಲ್ಲಿ ಸಿಹಿ ಯಾವಾಗ ತಿನ್ನುತ್ತೀರಿ ಎಂದು ವೈದ್ಯೆ ಕೇಳಿದಾಗ, ಮೊದಲಿಗೇ ಎಂದೆ, ಸ್ವಲ್ಪ ಗತ್ತಿನಿಂದಲೇ.

"ಆದ್ಯಂ ಪಾಯಸಮೋ?" ಮೊದಲಿಗೇ ಪಾಯಸವೇ ಎಂದು ಆಕೆ ಮಲಯಾಳದಲ್ಲಿ ಕೇಳಿ ಹೊಟ್ಟೆ ಹಿಡಿದು ನಕ್ಕರು. ಬರಿಹೊಟ್ಟೆಗೆ ಸಿಹಿ ಸುರಿದರೆ ಮುದಿ ಗ್ರಂಥಿ ತಬ್ಬಿಬ್ಬಾಗುತ್ತದಂತೆ. ಪಲ್ಯ, ಬೇಳೆ ಮುಂದೆ ಹೋಗಿ ದಾರಿ ಮಾಡಿದ ಮೇಲೆ, ಹಬ್ಬಕ್ಕೊಂದು ದಿನ, ಒಂದೇ ಚಮಚವಾದರೆ ಅಡ್ಡಿಯಿಲ್ಲವಂತೆ. ನಾನು ಜೀವಮಾನವಿಡೀ ಗೊಣಗಿದ ಕೇರಳದ ಪಂಕ್ತಿಯೇ ನನ್ನ ಪಾಯಸವನ್ನು ಉಳಿಸಿಕೊಟ್ಟಿತ್ತು. ಪಟ್ಟಂನಿಂದ ಮನೆಯವರೆಗೂ ಆಟೋದಲ್ಲಿ ಹಾಡು ಗುನುಗುತ್ತ ಬಂದೆ.

ಕಲೂರಿನಲ್ಲಿ ಮಗಳು, ಅಪ್ಪನ ಸಂಪ್ರದಾಯ ತಪ್ಪಬಾರದೆಂದು, ಎಲೆಯ ತುದಿಗೆ ಗಟ್ಟಿ ಹೆಸರುಬೇಳೆ ಪಾಯಸವನ್ನು ಮೊದಲೇ ಬಡಿಸಿದಳು. ಅಭ್ಯಾಸಬಲದಿಂದ ನನ್ನ ಬೆರಳು ಅತ್ತಲೇ ಹೊರಟಿತು.

"ಅಯ್ಯೋ ತಾತಾ, ಪಾಯಸಂ ಲಾಸ್ಟ್ ಆಣ್!" ಎಂದು ಮಿಂಚು ನನ್ನ ಕೈ ಹಿಡಿದಳು.

ಪಾಯಸ ತುದಿಯಲ್ಲೇ ಉಳಿಯಿತು. ಅವಿಯಲ್ ಮುಗಿಯಿತು, ಸಾರನ್ನ ಮುಗಿಯಿತು, ಅದು ನಮ್ಮಿಬ್ಬರನ್ನೂ ನೋಡುತ್ತಲೇ ಇತ್ತು. ಕೊನೆಯ ತುತ್ತು ಮಜ್ಜಿಗೆ ಅನ್ನ ನುಂಗಿ ನಾನು ಮಿಂಚುವಿನ ಮುಖ ನೋಡಿದೆ. ತನ್ನ ಪಾಯಸವನ್ನೂ ಮುಟ್ಟದೆ ಕಾದಿದ್ದ ಅವಳು ದೊಡ್ಡ ಅಧಿಕಾರಿಯಂತೆ ತಲೆಯಾಡಿಸಿದಳು. ಇಬ್ಬರೂ ಒಟ್ಟಿಗೇ ಬೆರಳಿಟ್ಟೆವು.