ಚಕ್ರದ ತೊಟ್ಟಿಲು

ಬೆಸುಗೆಯ ಹೊಗೆ, ಗ್ರೀಸು, ಬಿಸಿಲಿಗೆ ಕಾದ ರಬ್ಬರು: ಈ ಮೂರೂ ಬೆರೆತ ವಾಸನೆಯಿಂದ ನಾನು ಹನ್ನೆರಡು ವರ್ಷ ತಪ್ಪಿಸಿಕೊಂಡು ತಿರುಗಿದ್ದೆ. ಕಳೆದ ತಿಂಗಳು ನಿಡಘಟ್ಟದ ಬಳಿ ಕಾರಿನ ಟೈರು ಪಂಕ್ಚರಾಗಿ, ರಸ್ತೆ ಬದಿಯ ಅಂಗಡಿಯೊಂದರಲ್ಲಿ ಅರ್ಧ ಗಂಟೆ ಕೂರಬೇಕಾಯಿತು. ಅಲ್ಲಿ ನೆಲದ ಮೇಲೆ ಉರುಳುವ ಜಾಕೊಂದರ ತಲೆಗೆ ಹಳದಿ ಬಣ್ಣದ ಕಬ್ಬಿಣದ ಚೌಕಟ್ಟನ್ನು ಸಿಕ್ಕಿಸಿ, ಲಾರಿಯ ಚಕ್ರವನ್ನು ಅದರ ಮೇಲೆ ಕೂರಿಸಿ, ಒಬ್ಬನೇ ಆಳು ಆರಾಮವಾಗಿ ಮೇಲಕ್ಕೆತ್ತುತ್ತಿದ್ದ. ಚೌಕಟ್ಟಿನ ಮೇಲೆ ಮಂಡ್ಯದ ಅಂಗಡಿಯೊಂದರ ಹೆಸರು ಅಚ್ಚಾಗಿತ್ತು. ಅಲ್ಲಿ ಬೇರೊಬ್ಬರ ಹೆಸರಿರಬೇಕಾಗಿತ್ತು. ಇಲ್ಲದಿರುವುದಕ್ಕೆ ಕಾರಣ ನಾನು.

ಭಾರತೀನಗರದಲ್ಲಿ ಪ್ರೌಢಶಾಲೆಯ ಅಧ್ಯಾಪಕನಾಗಿದ್ದಾಗ ನನ್ನ ಬಾಡಿಗೆ ಮನೆಯ ಎದುರಿಗೆ ಮೆಕ್ಯಾನಿಕ್ ಒಬ್ಬರ ತಗಡಿನ ಶೆಡ್ಡಿತ್ತು. ಅವರ ಊರು ಹೊಳಲು, ದಿನವೂ ಮೊಪೆಡ್ಡಿನಲ್ಲಿ ಬಂದು ಹೋಗುತ್ತಿದ್ದರು. ನನಗಿಂತ ಹತ್ತು ವರ್ಷ ದೊಡ್ಡವರು. ಆದರೂ ನಾನು ಒಳಗೆ ಕಾಲಿಟ್ಟರೆ ಕೈಯಲ್ಲಿದ್ದ ಸ್ಪ್ಯಾನರನ್ನು ಕೆಳಗಿಟ್ಟು ಎದ್ದು ನಿಲ್ಲುತ್ತಿದ್ದರು. ನಾನು ಮಾತಾಡುವಾಗ ಅವರು ಒಮ್ಮೆಯಾದರೂ ಅಡ್ಡ ಬಾಯಿ ಹಾಕಿದ್ದು ನೆನಪಿಲ್ಲ. ಆ ಗೌರವ ನನಗೆ ಸಹಜವಾಗಿಯೇ ಸಲ್ಲತಕ್ಕದ್ದೆಂದು ನಾನು ಭಾವಿಸಿದ್ದೆ. ಸಂಜೆ ಅಲ್ಲಿ ಕುಳಿತು ಪತ್ರಿಕೆ ಓದುವುದು, ಅದರಲ್ಲಿನ ದೋಷಗಳಿಗೆ ಕೆಂಪು ಗೆರೆ ಎಳೆಯುವುದು ನನ್ನ ದಿನಚರಿಯಾಗಿತ್ತು.

ಕಬ್ಬು ಅರೆಯುವ ಕಾಲದಲ್ಲಿ ಸಕ್ಕರೆ ಕಾರ್ಖಾನೆಯ ಕಡೆಗೆ ಟ್ರಾಕ್ಟರುಗಳ ಸಾಲು ಶೆಡ್ಡನ್ನೂ ದಾಟಿ ನಿಲ್ಲುತ್ತಿತ್ತು. ಆ ಸಾಲಿಗೆ ಯಾರೂ ಬರೆದಿಡದ ಒಂದು ನಿಯಮವಿತ್ತು. ಚಕ್ರ ಕೆಟ್ಟ ಗಾಡಿ ಪಕ್ಕಕ್ಕೆ ಸರಿಯಬೇಕು. ಹಿಂದಿನ ಹತ್ತು ಗಾಡಿಗಳು ದಾಟುವುದರೊಳಗೆ ಸಿದ್ಧವಾದರೆ ತನ್ನ ಜಾಗಕ್ಕೆ ಮರಳಬಹುದು, ತಡವಾದರೆ ಸಾಲಿನ ಕೊನೆಗೆ ಹೋಗಬೇಕು. ಹೀಗಾಗಿ ಎಲ್ಲರ ಆತುರವೂ ಮೆಕ್ಯಾನಿಕ್ಕರ ಸೊಂಟದ ಮೇಲೆ ಬೀಳುತ್ತಿತ್ತು. ಟ್ರೈಲರಿನ ಚಕ್ರವನ್ನು ತಬ್ಬಿ ಎತ್ತಿ, ಬೋಲ್ಟುಗಳಿಗೆ ತೂತುಗಳು ಹೊಂದುವವರೆಗೂ ಹಿಡಿದು ನಿಲ್ಲಬೇಕಿತ್ತು. ಮಂಡ್ಯದ ವೈದ್ಯರು, ಇನ್ನು ಭಾರ ಎತ್ತಿದರೆ ಹಾಸಿಗೆ ಹಿಡಿಯುತ್ತೀರಿ ಎಂದು ಎಚ್ಚರಿಸಿದ್ದರು.

ಆಗ ಮೆಕ್ಯಾನಿಕ್ ಚಕ್ರ ಎತ್ತುವ ಈ ಸಾಧನವನ್ನು ಮಾಡಿದರು. ಗಾಡಿಯ ಅಚ್ಚಿನ ಕೆಳಗೆ ಮರದ ದಿಮ್ಮಿ ಕೊಟ್ಟು ನಿಲ್ಲಿಸಿದ ಮೇಲೆ ಜಾಕು ಬಿಡುವಾಗುತ್ತದಲ್ಲ, ಅದೇ ಜಾಕಿನ ತಲೆಯ ಬಟ್ಟಲನ್ನು ತೆಗೆದು ಅಲ್ಲಿ ಚೌಕಟ್ಟನ್ನು ಸಿಕ್ಕಿಸುವುದು. ಚೌಕಟ್ಟಿನಲ್ಲಿ ತಿರುಗುವ ಎರಡು ಕೊಳವೆಗಳು. ಅವುಗಳ ನಡುವೆ ಚಕ್ರ ಕೂರುತ್ತದೆ, ಬೆರಳಿನಿಂದ ನೂಕಿದರೂ ಉರುಳಿ ತೂತಿಗೆ ತೂತು ಹೊಂದುತ್ತದೆ. ಮೊದಮೊದಲು ಎತ್ತುವಾಗ ಚಕ್ರ ಮುಂದಕ್ಕೆ ವಾಲಿ ಬೀಳುತ್ತಿತ್ತು. ಬೆನ್ನಿಗೆ ಒರಗುಪಟ್ಟಿಯನ್ನು ಸ್ವಲ್ಪ ಓರೆಯಾಗಿ ಕೊಟ್ಟು, ಜಾಕಿನ ತಲೆಗೆ ಸಿಕ್ಕುವ ಕೆಳಗಿನ ಗೂಟವನ್ನು ನಡುವಿನಿಂದ ಎರಡು ಬೆರಳು ಮುಂದಕ್ಕೆ ಬೆಸೆಯಬೇಕೆಂದು ಕಂಡುಕೊಳ್ಳಲು ಅವರಿಗೆ ಎರಡು ಹಂಗಾಮು ಹಿಡಿಯಿತು.

"ನೋಡ್ಲಾ, ಮಗೀನ ತೊಟ್ಲಲ್ಲಿ ಮಲಗಿಸ್ದಂಗೆ ಮಲಗ್ಸವ್ನೆ. ಜೋಗುಳನೂ ಆಡ್ತೀಯೇನಪ್ಪ?" ಎಂದು ಚಾಲಕನೊಬ್ಬ ನಕ್ಕ.

"ನೀನು ಬಾಯ್ ಮುಚ್ಚುದ್ರೆ ಅದು ನಿದ್ದೆ ಮಾಡ್ತದೆ, ಸುಮ್ಕಿರ್ಲಾ," ಎಂದರು ಇವರು.

ಅಂದಿನಿಂದ ಅದಕ್ಕೆ ತೊಟ್ಟಿಲು ಎಂದೇ ಹೆಸರಾಯಿತು. ಮುಂದಿನ ಹಂಗಾಮಿಗೆ ಮಾರಲೆಂದು ಅವರು ಎಂಟು ತೊಟ್ಟಿಲುಗಳನ್ನು ಬೆಸೆದಿಟ್ಟರು. "ಇವು ಖರ್ಚಾದ್ರೆ ಇಂತವೇ ಮಾಡ್ಕಂಡು ಕೂತ್ಕತೀನಿ ಮೇಸ್ಟ್ರೇ. ಭಾರ ಎತ್ತೋ ಕೆಲ್ಸ ಬುಟ್ಬುಡ್ತೀನಿ," ಎಂದಿದ್ದರು. ಕೊಳ್ಳುವವರಿಗೆ ಕೊಡಲು ಬಳಕೆಯ ವಿಧಾನವನ್ನು ಬರೆದುಕೊಡಿ ಎಂದು ಕೇಳಿದರು. ನಾನು ಪ್ರತಿಯೊಂದು ಅಳತೆಯನ್ನೂ ಅದರ ಕಾರಣವನ್ನೂ ಕೇಳಿ ತಿಳಿದು, ಹನ್ನೊಂದು ವಾಕ್ಯಗಳಲ್ಲಿ ಬರೆದೆ. ಒಂದು ಪದವನ್ನೂ ಕದಲಿಸುವಂತಿರಲಿಲ್ಲ.

ಮಳೆಗಾಲದ ಒಂದು ಸಂಜೆ, ಮಂಡ್ಯದಲ್ಲಿ ಟ್ರಾಕ್ಟರಿನ ಬಿಡಿಭಾಗಗಳನ್ನು ಮಾರುವ ವ್ಯಾಪಾರಿಯೊಬ್ಬ ಶೆಡ್ಡಿಗೆ ಬಂದ. ತೊಟ್ಟಿಲನ್ನು ಹಿಂದೆ ಮುಂದೆ ನೋಡಿದ. "ಇದು ವಾಲಕ್ಕಿಲ್ವಾ?" ಎಂದು ಕೇಳಿದ.

ಮೆಕ್ಯಾನಿಕ್ "ಇಲ್ಲ" ಎಂದಷ್ಟೇ ಹೇಳಿದರು. ಆ ಉತ್ತರ ನನಗೆ ಅಪೂರ್ಣವೆನಿಸಿತು. ನಾನು ಬಾಯಿ ತೆರೆದೆ.

ಒರಗುಪಟ್ಟಿಯ ಓರೆ ಎಷ್ಟು, ಗೂಟ ಎಲ್ಲಿ, ಏಕೆ, ಕೊಳವೆಗಳ ನಡುವಿನ ಅಂತರವೆಷ್ಟು... ಬರೆದಿದ್ದನ್ನೆಲ್ಲ ಪಾಠದಂತೆ ಒಪ್ಪಿಸಿದೆ. ವ್ಯಾಪಾರಿ ಜೇಬಿನಿಂದ ಸಣ್ಣ ಪುಸ್ತಕ ತೆಗೆದ. ಬರೆದುಕೊಳ್ಳುವ ವಿದ್ಯಾರ್ಥಿಯನ್ನು ಕಂಡರೆ ನನ್ನ ಮಾತು ತಾನಾಗಿಯೇ ನಿಧಾನವಾಗುತ್ತದೆ, ಅಂದೂ ಹಾಗೇ ಆಯಿತು.

"ಮೇಸ್ಟ್ರೇ, ಟೀ ಆರೋಯ್ತದೆ. ಕುಡ್ಕಬುಡಿ," ಎಂದರು ಮೆಕ್ಯಾನಿಕ್.

"ಇರಿ, ಪೂರ್ತಿ ಹೇಳಿಬಿಡುತ್ತೇನೆ," ಎಂದೆ.

ಅವರು ಲೋಟವನ್ನು ನನ್ನ ಕೈಗೇ ತಂದಿಟ್ಟರು. ನಾನು ಅದನ್ನು ಪಕ್ಕಕ್ಕಿಟ್ಟು, ವ್ಯಾಪಾರಿಯ ಪುಸ್ತಕ ತೆಗೆದುಕೊಂಡು ಚಿತ್ರವನ್ನೂ ಬರೆದುಕೊಟ್ಟೆ. ಅನ್ಯರೆದುರು ಮೇಷ್ಟರ ಮಾತನ್ನು ತಡೆಯುವುದಕ್ಕೆ ಮೆಕ್ಯಾನಿಕ್ಕರಿಗೆ ಗೊತ್ತಿದ್ದ ದಾರಿ ಅದೊಂದೇ ಎಂಬುದು ನನಗೆ ಹೊಳೆಯಲಿಲ್ಲ. ಅಥವಾ ಹೊಳೆದಿತ್ತೋ... ಇಷ್ಟು ವರ್ಷಗಳ ಮೇಲೆ ಪ್ರಮಾಣ ಮಾಡಿ ಹೇಳಲಾರೆ.

ಹಂಗಾಮು ಆರಂಭವಾಗುವ ಮೊದಲೇ ಮದ್ದೂರು, ಮಳವಳ್ಳಿಯ ಅಂಗಡಿಗಳಿಗೆ ಆ ವ್ಯಾಪಾರಿಯ ಅಂಗಡಿಯ ಹೆಸರು ಹೊತ್ತ ಹಳದಿ ತೊಟ್ಟಿಲುಗಳು ಬಂದವು. ಚಾಲಕನೊಬ್ಬ ಒಂದನ್ನು ಶೆಡ್ಡಿಗೆ ತಂದು ತೋರಿಸಿದ. ಜೊತೆಗೆ ಅಚ್ಚಾದ ಒಂದು ಹಾಳೆಯೂ ಇತ್ತು. ಹನ್ನೊಂದು ವಾಕ್ಯಗಳು, ನನ್ನವೇ. ಆಗ ನನ್ನ ಮನಸ್ಸಿನಲ್ಲಿ ಮೊದಲು ಮೂಡಿದ ಭಾವ ಯಾವುದೆಂದು ಬರೆದೇ ತೀರಬೇಕು: ಒಂದು ತಪ್ಪೂ ಇಲ್ಲದೆ ಮುದ್ರಿಸಿದ್ದಾರೆಂಬ ಸಂತೋಷ.

ಮೆಕ್ಯಾನಿಕ್ ಆ ತೊಟ್ಟಿಲನ್ನು ತಿರುಗಿಸಿ, ಗೂಟ ಬೆಸೆದ ಜಾಗವನ್ನು ಹೆಬ್ಬೆರಳಿನಿಂದ ಸವರಿದರು. "ಚೆನ್ನಾಗ್ ಮಾಡವ್ರೆ," ಎಂದರು. ನನ್ನತ್ತ ನೋಡಲಿಲ್ಲ. ನಾನೋ, ತಿಳುವಳಿಕೆ ಎಂಬುದು ಒಬ್ಬರ ಸೊತ್ತಲ್ಲ, ಹಂಚಿದಷ್ಟೂ ಲೋಕಕ್ಕೆ ಒಳಿತು ಎಂದು ಒಂದು ಉಪನ್ಯಾಸವನ್ನೇ ಕೊಟ್ಟೆ. ಅವರು ಸೊಂಟಕ್ಕೆ ಕೈಕೊಟ್ಟು ನಿಂತು ಕೊನೆಯವರೆಗೂ ಕೇಳಿಸಿಕೊಂಡರು.

ಚಾಲಕರೆಲ್ಲ ತಮ್ಮದೇ ತೊಟ್ಟಿಲು ಇಟ್ಟುಕೊಂಡ ಮೇಲೆ ಚಕ್ರದ ಕೆಲಸವೇ ಅವರ ಶೆಡ್ಡಿಗೆ ಬರಲಿಲ್ಲ. ಆ ಎಂಟು ತೊಟ್ಟಿಲುಗಳು ಗುಜರಿಗೆ ಹೋದವು. ಉಳಿದದ್ದು ಗೇರುಪೆಟ್ಟಿಗೆ, ಅಚ್ಚುಗಳನ್ನು ಕೈಯಿಂದ ಇಳಿಸುವ ಕೆಲಸ. ಅದಕ್ಕೆ ತೊಟ್ಟಿಲು ಒದಗುವುದಿಲ್ಲ. ಯುಗಾದಿಗೆ ಮೊದಲು ಅವರ ಸೊಂಟ ಪೂರ್ತಿ ಬಿದ್ದುಹೋಯಿತು, ಶೆಡ್ಡಿಗೆ ಬೀಗ ಬಿತ್ತು. ಅಷ್ಟರಲ್ಲಿ ನಾನು ಅಲ್ಲಿಗೆ ಹೋಗುವುದನ್ನು ನಿಲ್ಲಿಸಿದ್ದೆ. ಪರೀಕ್ಷೆಯ ಕೆಲಸ ಹೆಚ್ಚೆಂದು ಹೇಳಿಕೊಂಡೆ. ಮದ್ದೂರಿಗೆ ವರ್ಗ ಮಾಡಿಸಿಕೊಂಡೆ. ಮೂರು ವರ್ಷದ ಹಿಂದೆ ಅವರು ತೀರಿಕೊಂಡ ಸುದ್ದಿ ಬಂದಾಗಲೂ ಹೋಗಲಿಲ್ಲ.

ನಿಡಘಟ್ಟದಿಂದ ಬಂದ ಮರುದಿನ ಅವರ ಊರಾದ ಹೊಳಲಿಗೆ ಹೋದೆ. ಅವರ ಹೆಂಡತಿ ಜಗುಲಿಯಲ್ಲಿ ಕುಳಿತು ರೇಷ್ಮೆಹುಳುವಿಗೆ ಸೊಪ್ಪು ಹೆಚ್ಚುತ್ತಿದ್ದರು. ಕುರ್ಚಿ ತರಿಸಿ ಕೂರಿಸಿದರು. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತುಗಳನ್ನು ನಾನು ಆದ್ಯಂತವಾಗಿ ಹೇಳಿದೆ. ತಪ್ಪು ನನ್ನದೇ ಎಂದೂ ಹೇಳಿದೆ. ಅವರ ಕೈಯ ಕತ್ತಿ ನಿಲ್ಲಲಿಲ್ಲ.

"ಗೊತ್ತು ಬುಡಿ ಮೇಸ್ಟ್ರೇ, ನಮ್ಮೆಜಮಾನ್ರು ಅವತ್ತೇ ಬಂದು ಯೋಳುದ್ರು," ಎಂದರು. "ನಾನೇ ರೇಗ್ದೆ, ಓಗಿ ಕೇಳಿ ಅವ್ರನ್ನ ಅಂತ. ಬ್ಯಾಡ ಕಣಮ್ಮಿ, ಮೇಸ್ಟ್ರು ಓದ್ದೋರು, ಅವ್ರಿಗೇ ಗೊತ್ತಾಯ್ತದೆ, ಅವ್ರೇ ಬತ್ತಾರೆ ಅಂದ್ರು. ಸೊಂಟ ಬಿದ್ದು ಮಲಗ್ಬುಟ್ಟ ಮೇಲೂ ಅದೇ ಮಾತು. ಯಾರಾದ್ರೂ ಬಾಗ್ಲು ತಟ್ಟುದ್ರೆ, ಮೇಸ್ಟ್ರೇನೋ ನೋಡು ಅನ್ನೋರು."

ಅವರು ಸೊಪ್ಪಿನ ಮೊರವನ್ನೆತ್ತಿಕೊಂಡು ಹುಳುಮನೆಯೊಳಕ್ಕೆ ಹೋದರು. ಎಷ್ಟು ಕಾಲ ಹಾಗೆ ಅಂದರು ಎಂದು ಕೇಳುವ ಧೈರ್ಯ ನನಗೆ ಬರಲಿಲ್ಲ.