ಆ ಕೋಣೆಯಲ್ಲಿ ಕೆಂಡ ಇರಲಿಲ್ಲ

ಆ ಕೋಣೆಯಲ್ಲಿ ಕೆಂಡ ಇರಲಿಲ್ಲ. ಇತ್ತು ಎಂದು ಹೇಳಿದವಳು ನಾನು. ಇಪ್ಪತ್ತು ವರ್ಷಕ್ಕೂ ಮೀರಿ ಆ ಒಂದು ಮಾತಿನ ಮೇಲೆ ನನ್ನ ಸಂಸಾರ ನೆಟ್ಟಗೆ ನಿಂತಿದೆ, ಮೈಮೂನಾಳ ಬಾಳು ಮುರಿದು ಬಿದ್ದಿದೆ. ಕುವೈತಿನಲ್ಲಿರುವ ನಮ್ಮ ಕನ್ನಡದ ಜನರೇ, 'ಕೆಂಡ ಇಟ್ಟುಕೊಂಡು ಮಲಗಿ ಕೂಸನ್ನು ಕಳಕೊಂಡವಳು' ಎಂದು ಅವಳ ಬೆನ್ನ ಹಿಂದೆ ಪಿಸುಗುಟ್ಟಿದವರೇ — ನಿಮಗಾಗಿಯೇ ಇದನ್ನು ಬರೆಯುತ್ತಿದ್ದೇನೆ. ಇನ್ನು ಮೇಲೆ ಆಡಿಕೊಳ್ಳುವುದಿದ್ದರೆ ನನ್ನನ್ನು ಆಡಿಕೊಳ್ಳಿ.

ಆಗ ನಾವಿದ್ದದ್ದು ಮರಳುಗಾಡಿನ ಅಂಚಿನಲ್ಲಿ ಕಂಪನಿ ಕಟ್ಟಿಸಿದ ಒಂದು ಸಣ್ಣ ಊರಿನಲ್ಲಿ. ಸಾಲು ಮನೆಗಳು, ಒಂದು ಮಸೀದಿ, ಒಂದು ಕ್ಯಾಂಟೀನು, ಮೈಮೂನಾಳ ಗಂಡ ಹಮೀದನ ಕಿರಾಣಿ ಅಂಗಡಿ. ಹಿಂದೆಂದೋ ಕಸ ತುಂಬಿ ಮುಚ್ಚಿದ ದೊಡ್ಡ ಗುಂಡಿಯ ಮೇಲೆ ಮರಳು ಹಾಸಿ ಆ ಊರನ್ನು ಎಬ್ಬಿಸಿದ್ದರು. ಕಸಕ್ಕೆ ಒಳಗೊಳಗೇ ಬೆಂಕಿ ಹತ್ತಿತ್ತು. ಉರಿ ಕಾಣುವುದಿಲ್ಲ, ಸದ್ದಿಲ್ಲ — ಕಲ್ಲಿದ್ದಲ ಗಣಿಗೆ ಹತ್ತಿದ ಬೆಂಕಿಯ ಹಾಗೆ ನೆಲದಡಿಯಲ್ಲೇ ಸರಿಯುತ್ತ ಹೋಗುವಂಥದ್ದು. ಅಲ್ಲಲ್ಲಿ ಹುಗಿದ ಕೊಳವೆಗಳಲ್ಲಿ ಆ ಕಾವನ್ನು ಅಳೆಯುವುದೇ ನನ್ನ ಗಂಡ ಈರಣ್ಣನ ಕೆಲಸವಾಗಿತ್ತು. ಹಾಗಾಗಿ ಊರಿಗೆ ಗೊತ್ತಿಲ್ಲದ್ದು ನನಗೆ ಗೊತ್ತಿತ್ತು.

"ಹಿಂದಿನ ಕೋಲಿ ಮುಚ್ಚೇ ಇಡು. ನೆಲಾ ಕಾಯಾಕತ್ತೈತಿ," ಎಂದು ನಮ್ಮ ಮನೆಯ ಹಿಂಬದಿಯ ಕೋಣೆ ತೋರಿಸಿ ಹೇಳಿದ್ದರು. "ಯಾರ ಮುಂದೂ ಬಾಯಿ ಬಿಡಬ್ಯಾಡ. ಮಂದಿ ಅಂಜಿ ಓಡಿದ್ರ ಕಂಪನಿ ನನ್ನ ಮ್ಯಾಲೆ ಬರತೈತಿ."

ಬಾಯಿ ಮುಚ್ಚಿದೆ, ಕೋಣೆ ಮುಚ್ಚಲಿಲ್ಲ. ಇಲ್ಲಿಯ ಚಳಿಗಾಲದಲ್ಲಿ ಹಾಲು ಹೆಪ್ಪುಗಟ್ಟುವುದೇ ಇಲ್ಲ; ನಾನು ಪಾತ್ರೆಯನ್ನು ಆ ನೆಲದ ಮೇಲಿಟ್ಟು ಗಟ್ಟಿ ಮೊಸರು ಮಾಡುತ್ತಿದ್ದೆ. ಯಾರಾದರೂ ಹೊಗಳಿದರೆ "ವಿಜಾಪುರದ ಕೈಗುಣ" ಎಂದು ಇಲ್ಲದ ಮೀಸೆ ತಿರುವುತ್ತಿದ್ದೆ. ಅಲ್ಲಿ ಸ್ವಲ್ಪ ಹೊತ್ತು ಕೂತರೆ ತಲೆ ಭಾರವಾಗುತ್ತಿತ್ತು. ಅದಕ್ಕೇ ಕಿಟಕಿಯನ್ನು ಯಾವಾಗಲೂ ತೆರೆದಿಡುತ್ತಿದ್ದೆ. ಇದನ್ನೂ ಹೇಳಿಬಿಡಬೇಕು — ಕಿಟಕಿ ಏಕೆ ತೆರೆದಿಡಬೇಕೆಂದು ನನಗೆ ಗೊತ್ತಿತ್ತು.

ಮೈಮೂನಾ ಮಂಗಳೂರು ಕಡೆಯ ಬ್ಯಾರಿಗಳ ಹುಡುಗಿ. ಮೊದಲ ಹೆರಿಗೆ, ತಾಯಿಗೆ ವೀಸಾ ಸಿಗಲಿಲ್ಲ. ಹಮೀದ ಅಂಗಡಿಯ ಹಿಂದಿನ ತಗಡಿನ ಗೂಡಿನಲ್ಲಿ ಅವಳನ್ನು ಇಟ್ಟುಕೊಂಡು ಪೇಚಾಡುತ್ತಿದ್ದ. ಗಂಡು ಕೂಸು ಹುಟ್ಟಿದ ಮೇಲೆ "ಬಾಣಂತನ ನಾ ಮಾಡ್ತೀನಿ, ಕಳಸಪ್ಪಾ" ಎಂದು ಕರೆತಂದವಳು ನಾನೇ. ಬಾಣಂತಿಗೆ ಬೇಕಾದದ್ದು ಬೆಚ್ಚಗಿನ ಕೋಣೆ. ನನ್ನ ಮನೆಯಲ್ಲಿ ಅಂಥ ಕೋಣೆ ಇತ್ತು, ಅದೂ ಪುಕ್ಕಟೆಯಾಗಿ. ಕಿಟಕಿ ಜಡಿದೆ. ಬಾಗಿಲ ಸಂದಿಗೆ ಹಳೆಯ ಸೀರೆ ತುರುಕಿದೆ. ಅವಳ ಕಿವಿಗೆ ಹತ್ತಿ ಇಟ್ಟು ತಲೆಗೆ ಬಟ್ಟೆ ಕಟ್ಟಿದೆ. ನನ್ನ ತಾಯಿ ನನಗೆ ಮಾಡಿದ ಹಾಗೆಯೇ, ಒಂದೂ ಬಿಡದೆ.

ಆ ದಿನ ಕೂಸಿಗೆ ಎರೆದು, ಲೋಬಾನದ ಹೊಗೆ ಹಾಕಿ, ಅಗ್ಗಿಷ್ಟಿಕೆಯನ್ನು ನಾನೇ ಹೊರಗೆ ಒಯ್ದೆ. ಕೆಂಡಕ್ಕೆ ನೀರು ಸುರಿದೆ — ಅದು ಚುಂಯ್ ಎಂದದ್ದು ಇವತ್ತಿಗೂ ಕಿವಿಯಲ್ಲಿದೆ. ಊಟವಾದ ಮೇಲೆ ಅವಳು ಕರೆದಳು.

"ಅಕ್ಕ, ತಲೆ ತುಂಬ ನೋಯ್ತದೆ. ಕಿಟಕಿ ಸ್ವಲ್ಪ ತೆಗೀರಿ, ಅಕ್ಕ."

"ಬಾಣಂತಿಗೆ ಗಾಳಿ ಹತ್ತಬಾರದವ್ವಾ," ಎಂದೆ. "ಸುಮ್ಮನ ಮಲಕೋ."

ಬಾಗಿಲು ಎಳೆದುಕೊಂಡು ಹೋಗಿ ನಾನೂ ಮಲಗಿದೆ. ಸಂಜೆ ಎದ್ದು ನೋಡಿದಾಗ ಅವಳಿಗೆ ಎಚ್ಚರವಿರಲಿಲ್ಲ; ಎಳೆದು ಹೊರಗೆ ಹಾಕಿದೆ. ಕೂಸು — ಕೂಸು ಹೋಗಿತ್ತು.

ಆಸ್ಪತ್ರೆಯಲ್ಲಿ ಡಾಕ್ಟರು, ಮುಚ್ಚಿದ ಕೋಣೆಯಲ್ಲಿ ಇದ್ದಿಲು ಸುಟ್ಟರೆ ಬರುವ ವಿಷಗಾಳಿ ಇದು ಎಂದರಂತೆ. ಹಮೀದ ವರಾಂಡಕ್ಕೆ ಬಂದು ನನ್ನನ್ನೇ ಕೇಳಿದ: "ಅಕ್ಕ, ಕೆಂಡ ಒಳಗೆ ಇತ್ತಾ?" ಈರಣ್ಣ ನನ್ನ ಪಕ್ಕದಲ್ಲೇ ಇದ್ದರು. ನನ್ನ ಮುಖ ನೋಡಿದರು. ಇರಲಿಲ್ಲ ಎಂದರೆ ಗಾಳಿ ಎಲ್ಲಿಂದ ಬಂತು ಎಂದು ಹುಡುಕುತ್ತಾರೆ. ಹುಡುಕಿದರೆ ನೆಲ ಸಿಗುತ್ತದೆ, ನಾವು ಸಿಗುತ್ತೇವೆ. ಅಷ್ಟನ್ನೂ ಆ ಗಳಿಗೆಯಲ್ಲೇ ಲೆಕ್ಕ ಹಾಕಿದೆ. ಬುದ್ಧಿ ಚುರುಕಾಗಿಯೇ ಇತ್ತು.

"ಇತ್ತು," ಎಂದೆ. "ಥಂಡಿ ಅಂತ ಆಕಿನಽ ತರಿಸಿ ಇಟಗೊಂಡಿದ್ಲು."

ಎರಡನೇ ಮಾತನ್ನು ಯಾರೂ ಕೇಳಿರಲಿಲ್ಲ. ಅದನ್ನು ನಾನಾಗಿಯೇ ಸೇರಿಸಿದ್ದು.

ಮೈಮೂನಾಳಿಗೆ ಪ್ರಜ್ಞೆ ಬಂದಾಗ ಆ ದಿನದ ನೆನಪೆಲ್ಲ ಕಲಸಿಹೋಗಿತ್ತು. ನಾನು ಹೇಳಿದ್ದನ್ನೇ ನಂಬಿದಳು. ಮುಂದೆ ಮಗಳು ಸಫಾ ಹುಟ್ಟಿದಾಗ ಅವಳ ಅತ್ತೆ ಊರಿಂದ ಬಂದು ಕೂಸನ್ನು ತನ್ನ ಪಕ್ಕದಲ್ಲೇ ಮಲಗಿಸಿಕೊಂಡರು. ಹಾಲು ಕುಡಿಸುವ ಹೊತ್ತಿಗೆ ಮಾತ್ರ ಇವಳ ಕೈಗೆ. ಕುಡಿಸಿ, ಮೈಮೂನಾ ಕೂಸನ್ನು ತಾನಾಗಿಯೇ ಅತ್ತೆಗೆ ಒಪ್ಪಿಸುತ್ತಿದ್ದಳು. ಆ ಕೋಣೆಯಿಂದ ಅವಳನ್ನು ಎಳೆದು ಹೊರಗೆ ಹಾಕಿದವಳು ನಾನಲ್ಲವೇ — ಆ ಊರು ಬಿಟ್ಟ ಮೇಲೂ ಪ್ರತಿ ಹಬ್ಬಕ್ಕೂ ಅವರ ಮನೆಯಿರುವ ಸಲ್ವಾದಿಂದ ನಾವಿರುವ ಅಬು ಹಲೀಫಾಕ್ಕೆ ನನಗೆ ಬಿರಿಯಾನಿ ಮಾಡಿ ಕಳಿಸಿದಳು. 'ಜೀವ ಉಳಿಸಿದ ಅಕ್ಕ' ಎಂದು. ನಮ್ಮ ಮನೆಯಲ್ಲಿ ಮಾಂಸ ತಿನ್ನುವುದಿಲ್ಲವೆಂದು ನನಗಾಗಿ ಬೇರೆ ಪಾತ್ರೆಯಲ್ಲಿ, ಬರೀ ತರಕಾರಿ ಹಾಕಿ. ನಾನು ಅದನ್ನು ಉಂಡಿದ್ದೇನೆ.

ಈಗ ಸಫಾಳಿಗೇ ಮಗುವಾಗಿದೆ. ನೋಡಲು ಹೋಗಿದ್ದೆ. ಮಗು ಅಳುತ್ತಿತ್ತು, ಮೈಮೂನಾ ಎತ್ತಿಕೊಳ್ಳಲು ಬಾಗಿದಳು. ಸಫಾ ಇಂಗ್ಲಿಷಿನಲ್ಲೇ ಉತ್ತರಿಸುವ ಹುಡುಗಿ. "ಪ್ಲೀಸ್ ಉಮ್ಮಾ, ಡೋಂಟ್," ಎಂದಳು, ಮೆಲ್ಲಗೆ, ಬೈಯುವ ದನಿಯಲ್ಲೂ ಅಲ್ಲ. ಮೈಮೂನಾ ಕೈಯನ್ನು ದುಪಟ್ಟಾದಲ್ಲಿ ಸುತ್ತಿಕೊಂಡು ಹಿಂದೆ ಸರಿದಳು. ಎಷ್ಟು ರೂಢಿಯಾಗಿತ್ತು ಅವಳಿಗೆ ಹಾಗೆ ಸರಿಯುವುದು! 

ಆ ವಾರವೇ ಟ್ಯಾಕ್ಸಿ ಮಾಡಿಕೊಂಡು ಹಳೆಯ ಊರಿಗೆ ಹೋದೆ. ಜನರನ್ನು ಯಾವಾಗಲೋ ಅಲ್ಲಿಂದ ಎಬ್ಬಿಸಿದ್ದಾರೆ. ಮಸೀದಿಯ ಬಾಗಿಲಿಗೆ ಬೀಗ, ಹಮೀದನ ಅಂಗಡಿಯ ಬೋರ್ಡು ನೆಲದಲ್ಲಿ. ಹೋಗಲು ಬೇರೆ ಜಾಗವಿಲ್ಲದ ಕೆಲವರು ಮಾತ್ರ ಆ ತುದಿಯ ಮನೆಗಳಲ್ಲಿ ಇನ್ನೂ ಇದ್ದಾರೆ. ಹಗ್ಗದ ಮೇಲೆ ಅವರ ಬಟ್ಟೆ ಒಣಗುತ್ತಿತ್ತು. ನನ್ನನ್ನು ನೋಡಿ ಕಾವಲಿನವನು ಕೂಗಿದ: "ಉಧರ್ ಮತ್ ಜಾವ್ ಅಮ್ಮಾ, ಜಮೀನ್ ಗರಮ್ ಹೈ!"

"ನೆಲಾ ಸುಡತೈತಂತ ಗೊತ್ತೈತಪ್ಪಾ," ಎಂದೆ. "ನಿನಗಿಂತ ಮೊದಲಽ ಗೊತ್ತೈತಿ."

ನಿಜ ಹೇಳುತ್ತೇನೆ — ನೆಲ ತಣ್ಣಗಾಗಿದ್ದರೆ ಬಾಯಿ ಹೊಲಿದುಕೊಂಡು ಬಂದುಬಿಡೋಣ ಎಂಬ ಆಸೆ ಇತ್ತು. ತೋರಿಸಲು ಏನೂ ಉಳಿದಿಲ್ಲ, ಯಾರು ನಂಬುತ್ತಾರೆ, ಎಂದುಕೊಂಡು... ನಮ್ಮ ಮನೆಯ ಹಿಂದಿನ ಕೋಣೆಯ ಗೋಡೆ ಸೀಳಿತ್ತು. ಕೂತು ಅಂಗೈ ಊರಿದೆ. ಊರಿದ ಕೈಯನ್ನು ಹಾಗೇ ಕಿತ್ತುಕೊಳ್ಳಬೇಕಾಯಿತು. ನಾನು ಮುದುಕಿಯಾಗಿದ್ದೇನೆ, ಆ ಬೆಂಕಿಗೆ ಇನ್ನೂ ವಯಸ್ಸಾಗಿಲ್ಲ.

ಮನೆಗೆ ಬಂದು, ನಿಜವನ್ನು ಹೇಳಿಬಿಡುತ್ತೇನೆ ಎಂದಾಗ ಈರಣ್ಣ ಸಿಡಿದರು. "ಖಲಾಸ್ ಆಗೇತಿ ಅದು. ಸತ್ತ ಕೂಸು ಎದ್ದು ಬರತೈತೇನು?"

"ಕೂಸಿಗಲ್ಲ, ಉಳಿದಾಕಿಗೆ ಹೇಳಬೇಕು."

"ನನ್ನ ಮಾನಾ?"

"ನಿಮ್ಮ ಮಾನಾ ಇಷ್ಟು ವರ್ಷ ಆಕಿ ಹೊತ್ತಾಳ. ಇನ್ನ ನೀವಽ ಹೊರ್ರಿ. ನನ್ನ ಪಾಲಿಂದು ನಾ ಹೊರತೀನಿ."

ಅಂದಿನಿಂದ ಅವರು ನನ್ನೊಡನೆ ಮಾತಾಡಿಲ್ಲ. ಬೇಡ.

ಮೈಮೂನಾಳನ್ನು ಒಬ್ಬಳನ್ನೇ ಕರೆದು ಗುಟ್ಟಾಗಿ ಹೇಳಬಹುದಿತ್ತು. ಹಾಗೆ ಮಾಡಲಿಲ್ಲ. ಸಲ್ವಾದ ಅವರ ಮನೆಯ ಪಡಸಾಲೆಯಲ್ಲಿ ಅತ್ತೆ, ಹಮೀದ, ಸಫಾ, ಅಳಿಯ ಎಲ್ಲರೂ ಇರುವಾಗ ನಿಂತುಕೊಂಡೇ ಹೇಳಿದೆ. ಕೆಂಡವನ್ನು ನಾನೇ ಹೊರಗೆ ಒಯ್ದದ್ದು, ನೆಲ ಬಿಸಿಯೆಂದು ಗೊತ್ತಿದ್ದದ್ದು, ವರಾಂಡದಲ್ಲಿ ನಾನು ಸೇರಿಸಿದ ಎರಡನೇ ಮಾತು. ಹಮೀದ ಗೋಡೆ ಹಿಡಿದುಕೊಂಡ. ಅತ್ತೆಯ ಕೈಯಲ್ಲಿದ್ದ ಜಪಮಣಿ ನಿಂತಿತು.

ಮೈಮೂನಾ ಅಳಲಿಲ್ಲ. "ಕಿಟಕಿ ತೆಗೀರಿ ಅಂತ ನಾನು ಕೇಳಿದ್ದೆ ಅಲ್ವಾ?" ಎಂದಳು. "ಕನಸೋ ಏನೋ ಅಂತ ಇದ್ದೆ ಇಷ್ಟು ವರ್ಷ."

"ಕೇಳಿದ್ದಿ."

ಅವಳು ಎದ್ದು ಹೋಗಿ ಸಫಾಳ ಮುಂದೆ ಎರಡೂ ಕೈ ಚಾಚಿದಳು. ಸಫಾ ಒಪ್ಪಿಗೆಗಾಗಿ ತನ್ನ ಅಜ್ಜಿಯ ಮುಖ ನೋಡಲಿಲ್ಲ, ಮಗುವನ್ನು ಕೊಟ್ಟಳು. ಮೈಮೂನಾ ಅದನ್ನು ಹೆಗಲಿಗೆ ಹಾಕಿಕೊಂಡು ಕಿಟಕಿಯ ಹತ್ತಿರ ಹೋಗಿ, ಒಂದೇ ಕೈಯಲ್ಲಿ ತೆರೆದಳು. ತಿರುಗದೆಯೇ ಹೇಳಿದಳು:

"ನೀವು ಇನ್ನು ಹೋಗಿ."

ಅಕ್ಕ ಎನ್ನಲಿಲ್ಲ. ಅನ್ನಬಾರದು. ಕ್ಷಮೆ ಕೇಳಲು ನಾನು ಹೋಗಿರಲಿಲ್ಲ, ಕೊಟ್ಟಿದ್ದರೂ ಇಟ್ಟುಕೊಳ್ಳಲು ನನ್ನಲ್ಲಿ ಜಾಗವಿರಲಿಲ್ಲ. ಆ ಮನೆಯ ಮೆಟ್ಟಿಲನ್ನು ಇನ್ನು ಹತ್ತುವುದಿಲ್ಲ. ಆದರೆ ಈ ಊರಿನಲ್ಲಿ ಯಾರ ಮನೆಯಲ್ಲೇ ಆಗಲಿ, ಯಾವ ಮದುವೆ ಪಂಕ್ತಿಯಲ್ಲೇ ಆಗಲಿ, ಮೈಮೂನಾಳ ಹೆಸರಿನ ಜೊತೆ ಕೆಂಡದ ಮಾತು ಬಂದರೆ, ಎಲೆ ಬಿಟ್ಟು ಎದ್ದು ನಿಂತು ಹೇಳುತ್ತೇನೆ: ಕೆಂಡ ಇರಲಿಲ್ಲ, ನಾನಿದ್ದೆ.